ಒಂದೇ ಕಲ್ಲಿನ ಎರಡು ಮಣ್ಣು

ಪ್ರಕೃತಿಯಿಂದ ಮನುಷ್ಯನು ಕಲಿಯತಕ್ಕದ್ದು ಬಹಳವಿದೆ ಎಂಬ ಮಾತನ್ನು ಶಾಲೆ ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ನಾನು ಎಷ್ಟು ಸಲ ಕೇಳಿರುವೆನೋ ಲೆಕ್ಕವಿಲ್ಲ. ಸ್ವತಃ ಹೇಳಿರುವುದೂ ಉಂಟು. ನದಿಯಂತೆ ಹರಿಯಿರಿ, ಬಿದಿರಿನಂತೆ ಬಾಗಿರಿ, ಕಂಬಳಿಹುಳು ಚಿಟ್ಟೆಯಾಗುವಂತೆ ನೀವೂ ಬದಲಾಗಿರಿ - ಅಧ್ಯಕ್ಷರ ಭಾಷಣದಲ್ಲಿ ಈ ಮೂರು ಉಪಮಾನಗಳು ಬಂದೊಡನೆ ಚಪ್ಪಾಳೆ ಬೀಳುತ್ತದೆ. ವಂದನಾರ್ಪಣೆ ಸಮೀಪಿಸಿತೆಂದು ಮಕ್ಕಳಿಗೂ ತಿಳಿಯುತ್ತದೆ.

ನನ್ನ ಆಕ್ಷೇಪ ಪ್ರಕೃತಿಯ ಮೇಲಲ್ಲ, ಅದರ ಹೆಸರಿನಲ್ಲಿ ನಾವಾಡುವ ಸುಲಭದ ಮಾತಿನ ಮೇಲೆ. ಚಿಟ್ಟೆಯಾಗುವ ಮುನ್ನ ಕೋಶದೊಳಗೆ ಹುಳುವಿನ ದೇಹದ ಬಹುಭಾಗ ಕರಗಿಹೋಗುತ್ತದೆ ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ. ನದಿಯ ಮಾತೂ ಹಾಗೆಯೇ. ನಮ್ಮ ಮಂಜೀರಾ ಮಹಾರಾಷ್ಟ್ರದ ಬಾಲಾಘಾಟ ಬೆಟ್ಟಗಳಲ್ಲಿ ಹುಟ್ಟಿ, ಆಗ್ನೇಯ ದಿಕ್ಕಿಗೆ ಬಹುದೂರ ಹರಿದು, ತೆಲಂಗಾಣವನ್ನು ಹೊಕ್ಕ ಮೇಲೆ ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಸೇರುತ್ತದೆ. ನದಿ ಮನಸ್ಸು ಬದಲಿಸಿತೆಂದು ಹೇಳೋಣವೇ? ನೆಲ ಹಾಗಿತ್ತು, ನೀರು ಹಾಗೆ ಹೋಯಿತು, ಅಷ್ಟೆ. ಬದಲಾಗಿರೆಂದು ಎಳೆಯರಿಗೆ ಹೇಳುವವನು ಯಾವ ಬಗೆಯ ಬದಲಾವಣೆ, ಯಾವ ವಯಸ್ಸಿನಲ್ಲಿ, ಏನನ್ನು ತೆತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಈ ಪ್ರಶ್ನೆಗಳಿಗೆ ನನಗೆ ದೊರೆತಷ್ಟು ಉತ್ತರ ಗ್ರಂಥಗಳಿಂದ ಬಂದುದಲ್ಲ. ಬೀದರದ ಕೆಂಪು ಕಲ್ಲಿನಿಂದಲೂ ಔರಾದದ ಕರಿಯ ಹೊಲದಿಂದಲೂ ಬಂದುದು. ಬಹಳ ತಡವಾಗಿ ಬಂದುದು ಎಂಬುದನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಬೀದರ ನಗರವು ಸುಮಾರು ಎರಡು ಸಾವಿರ ಅಡಿ ಎತ್ತರದ ಒಂದು ಕೆಂಪು ದಿಣ್ಣೆಯ ಮೇಲೆ ಕುಳಿತಿದೆ. ದಿಣ್ಣೆಯಿಂದ ಇಳಿದು ಭಾಲ್ಕಿಯ ಕಡೆಗೋ ಔರಾದದ ಕಡೆಗೋ ಹೊರಟರೆ ಸ್ವಲ್ಪ ಹೊತ್ತಿನಲ್ಲಿಯೇ ನೆಲದ ಬಣ್ಣ ತಿರುಗಿ ಕಾಡಿಗೆಯಂತಾಗುತ್ತದೆ. ಇವು ಬೇರೆ ಬೇರೆ ಮೂಲದ ನೆಲಗಳೆಂದು ನಾನು ಬಹಳ ಕಾಲ ತಿಳಿದಿದ್ದೆ. ಭೂವಿಜ್ಞಾನಿಗಳು ಹೇಳುವುದು ಬೇರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ಮೇಲೆ ಪದರ ಪದರವಾಗಿ ಹರಿದ ಲಾವಾ ಆರಿ ಬಸಾಲ್ಟ್ ಎಂಬ ಕರಿಯ ಶಿಲೆಯಾಯಿತು. ಮೇಲಿನ ಕೆಂಪೂ ಕೆಳಗಿನ ಕಪ್ಪೂ ಆ ಒಂದೇ ಶಿಲೆಯ ಮಕ್ಕಳು. ಎತ್ತರದಲ್ಲಿದ್ದ ಶಿಲೆ ಯುಗಯುಗಗಳ ಬಿಸಿಲು ಮಳೆಗೆ ಸಿಕ್ಕಿ ತನ್ನ ಸಿಲಿಕಾ, ಸುಣ್ಣ, ಪೊಟ್ಯಾಶ್ ಎಲ್ಲವನ್ನೂ ನೀರಿಗೆ ಬಿಟ್ಟುಕೊಟ್ಟಿತು. ಬಿಡಲಾರದೆ ಉಳಿಸಿಕೊಂಡದ್ದು ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ. ಆ ಕಬ್ಬಿಣದ ತುಕ್ಕೇ ಬೀದರದ ಕೆಂಪು. ಕೆಳಗಿನ ಮಣ್ಣು ಅಷ್ಟನ್ನು ಕಳೆದುಕೊಳ್ಳಲಿಲ್ಲ. ಸುಣ್ಣದ ಹರಳುಗಳನ್ನು ಇಂದಿಗೂ ಮಡಿಲಲ್ಲಿಟ್ಟುಕೊಂಡಿದೆ.

ಕೆಂಪು ಕಲ್ಲಿಗೆ ಕನ್ನಡದಲ್ಲಿ ಜಂಬಿಟ್ಟಿಗೆಯೆಂಬ ಹೆಸರಿದೆ; ಇಟ್ಟಿಗೆ ಆ ಹೆಸರಿನಲ್ಲಿಯೇ ಅಡಗಿದೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಮಲಬಾರಿನಲ್ಲಿ ಇದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಕರೆದ; ಲ್ಯಾಟಿನ್ನಿನಲ್ಲಿ ಅದಕ್ಕೂ ಇಟ್ಟಿಗೆಯೆಂದೇ ಅರ್ಥ. ನಮ್ಮ ಗ್ರಾಮಸ್ಥರಿಗೂ ಆ ವೈದ್ಯನಿಗೂ ಒಂದೇ ಉಪಮಾನ ಹೊಳೆದದ್ದಕ್ಕೆ ಕಾರಣವಿದೆ. ನೆಲದೊಳಗಿರುವಾಗ ಈ ಕಲ್ಲು ಮೃದು. ಬಾಲ್ಯದಲ್ಲಿ ಊರ ಹೊರಗಿನ ಕಲ್ಲಿನ ಗಣಿಯ ದಂಡೆಯಲ್ಲಿ ಕುಳಿತು ನಾನು ಗಂಟೆಗಟ್ಟಲೆ ನೋಡಿದ್ದೇನೆ: ಕೆಲಸಗಾರರು ಕೊಡಲಿಯಂಥ ಹತಾರದಿಂದ ಬೆಣ್ಣೆಯನ್ನಲ್ಲದಿದ್ದರೂ ಒಣಬೆಲ್ಲವನ್ನು ಕೊರೆದಂತೆ ಅದನ್ನು ಕೊರೆದು ಚೌಕ ಮಾಡಿ ಹೊರಗಿಡುತ್ತಿದ್ದರು. ಹೊರಗಿಟ್ಟ ಮೇಲೆ ಗಾಳಿ ಬಿಸಿಲು ತಗುಲಿ ಅದು ಗಟ್ಟಿಯಾಗುತ್ತ ಹೋಗುತ್ತದೆ. ಒಮ್ಮೆ ಗಟ್ಟಿಯಾದುದು ಮತ್ತೆ ಮೆತ್ತಗಾಗುವುದಿಲ್ಲ. ನೀರಿನಲ್ಲಿ ನೆನೆಯಿಟ್ಟರೂ ಇಲ್ಲ. ಹದಿನೈದನೆಯ ಶತಮಾನದ ಮೊದಲ ಭಾಗದಲ್ಲಿ ಅಹಮದ್ ಶಹಾ ಬಹಮನಿ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ತಂದಾಗ ಕೋಟೆಯ ಸುತ್ತ ಮೂರು ಸಾಲಿನ ಕಂದಕವನ್ನು ಈ ಕಲ್ಲಿನಲ್ಲಿಯೇ ಕಡಿಸಿದ. ನಡುವೆ ಬಿಟ್ಟ ಕಲ್ಲಿನ ಗೋಡೆಗಳು ಆರು ಶತಮಾನ ಕಳೆದರೂ ನಿಂತಿವೆ.

ನಾನು ಈ ಕಲ್ಲಿನ ಊರಿನವನಾದ್ದರಿಂದಲೋ ಏನೋ, ನಮ್ಮ ಮನೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಬುದ್ಧಿವಾದವೆಲ್ಲ ಒಂದೇ ಶಬ್ದದಲ್ಲಿ ಮುಗಿಯುತ್ತಿತ್ತು: 'ಗಟ್ಟಿಯಾಗು.' 1984ರಲ್ಲಿ ನನಗೆ ಔರಾದ ತಾಲ್ಲೂಕಿನ ಒಂದು ಶಾಲೆಯಲ್ಲಿ ಕನ್ನಡ ಶಿಕ್ಷಕನ ಕೆಲಸ ದೊರೆತಾಗ ಬಸ್ ನಿಲ್ದಾಣಕ್ಕೆ ಬಂದ ತಂದೆಯವರು ಹೇಳಿದ್ದೂ ಅದನ್ನೇ. ನಾನು ಅದನ್ನು ಕೆಲಸವೆಂದಲ್ಲ, ಶಿಕ್ಷೆಯೆಂದೇ ಭಾವಿಸಿದ್ದೆ. ಜೂನ್ ಮೊದಲ ವಾರ. ಮಿರಗದ ಮಳೆ ಇನ್ನೂ ಬಂದಿರಲಿಲ್ಲ. ಸಂತಪುರವನ್ನು ದಾಟಿ ಬಸ್ಸು ಮುಂದೆ ಹೋದಂತೆ ಎರಡೂ ಕಡೆಯ ಹೊಲಗಳು ಒಡೆದ ಮಡಕೆಯ ಚೂರುಗಳನ್ನು ಹರಡಿದ ಹಾಗಿದ್ದವು. ಅಂಗೈ ಅಗಲದ ಬಿರುಕುಗಳು. ಈ ನೆಲದಲ್ಲಿ ಯಾರು ತಾನೆ ಏನನ್ನು ಬೆಳೆದಾರು ಎಂದುಕೊಂಡೆ.

ಬಂದ ಮೂರನೆಯ ದಿನವೇ ಹೊಲವನ್ನು ಅಡ್ಡ ಹಾಯುವಾಗ ಜೇಬಿನಿಂದ ಕೋಣೆಯ ಬೀಗದಕೈ ಜಾರಿ ಒಂದು ಬಿರುಕಿನೊಳಗೆ ಬಿತ್ತು. ಮೊಳಕಾಲೂರಿ ಕೈ ಇಳಿಸಿದೆ. ಭುಜದವರೆಗೆ ಹೋಯಿತು, ತಳ ಸಿಗಲಿಲ್ಲ. ಹೊಲದ ಯಜಮಾನ, ನನ್ನ ತಂದೆಯ ವಯಸ್ಸಿನವನು, ಬದುವಿನ ಮೇಲೆ ನಿಂತು ನೋಡುತ್ತಿದ್ದ.

'ಹೋಯ್ತು ಬಿಡ್ರಿ ಮಾಸ್ತರ, ಅದು ಇನ್ ಹೊಲದ ಪಾಲು.'

ಸಿಟ್ಟಿನಿಂದ ನಾನು, ಇಷ್ಟು ದೊಡ್ಡ ಬಿರುಕುಗಳನ್ನು ಮುಚ್ಚಬಾರದೇ ಎಂದೆ. ಅವನು ನಕ್ಕ.

'ಬಾಯಿ ಮುಚ್ಚಿದ್ರ ಉಣ್ಣೋದು ಹ್ಯಾಂಗ್ರಿ? ಮಳಿ ಬರ್ಲಿ, ತಾನೇ ಮುಚ್ಚತದ.'

ನಾಲ್ಕು ದಿನಗಳಲ್ಲಿ ಮಳೆ ಬಂತು. ಕೆಂಪು ನೆಲದವನಾದ ನನಗೆ ಅದು ಹೊಸ ನೋಟ. ನೀರು ಹೊಲದ ಮೇಲೆ ಹರಿದು ಹೋಗಲಿಲ್ಲ, ಬಿರುಕುಗಳಲ್ಲಿ ಗುಳುಗುಳು ಸದ್ದು ಮಾಡುತ್ತ ನೇರ ಆಳಕ್ಕಿಳಿಯಿತು. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಗ್ಗಿ ಬಿರಿಯದಿದ್ದ ಪಕ್ಷದಲ್ಲಿ ಮೊದಲ ಮಳೆ ಆಳಕ್ಕಿಳಿಯಲು ದಾರಿಯೇ ಇಲ್ಲ, ಏಕೆಂದರೆ ಒಮ್ಮೆ ಉಬ್ಬಿ ಕೂಡಿಕೊಂಡ ಮೇಲೆ ಈ ಮಣ್ಣು ನೀರನ್ನು ಬಹಳ ನಿಧಾನವಾಗಿ ಒಳಗೆ ಬಿಡುತ್ತದೆ. ಮೇಲಿನ ಪುಡಿಮಣ್ಣು ಬಿರುಕಿಗೆ ಬಿದ್ದು ಕೆಳಗಿನದು ಮೇಲಕ್ಕೆ ಒತ್ತಲ್ಪಟ್ಟು, ವರ್ಷ ವರ್ಷವೂ ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಈ ಲೆಕ್ಕದಲ್ಲಿ ನನ್ನ ಬೀಗದಕೈಯೂ ಎಂದಾದರೊಮ್ಮೆ ಮೇಲೆ ಬಂದಿರಬಹುದು. ಎರಡು ವಾರದೊಳಗೆ ಆ ಹೊಲದಲ್ಲಿ ಬಿರುಕಿನ ಗುರುತೂ ಇರಲಿಲ್ಲ. ಹೆಸರೂ ಉದ್ದೂ ಮೊಳೆತು ನಿಂತಿದ್ದವು.

ಆದರೆ ಬಿರುಕನ್ನು ಹೊಗಳಿ ಮತ್ತೊಂದು ವಾರ್ಷಿಕೋತ್ಸವದ ಭಾಷಣ ಮಾಡಲು ನನಗೆ ಮನಸ್ಸಿಲ್ಲ. ಅದೇ ವರ್ಷ ಎಳ್ಳಮಾವಾಸ್ಯೆಗೆ ಆ ಯಜಮಾನ ನನ್ನನ್ನು ಹೊಲಕ್ಕೆ ಕರೆದ. ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿ. ಬೀದರ ಸೀಮೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ, ಹೊರಗಿನವರಿಗೆ ಎಷ್ಟು ಹೇಳಿದರೂ ಸಾಲದು. ಹಿಂಗಾರಿಯ ಜೋಳ ಎದೆಯೆತ್ತರ ನಿಂತಿತ್ತು. ಮಳೆ ನಿಂತು ತಿಂಗಳುಗಳಾಗಿದ್ದರೂ ಮಣ್ಣಿನ ಒಡಲಿನ ತೇವದ ಮೇಲೆಯೇ ಅದು ಬದುಕಿತ್ತು. ಅವನು ಸಾಲುಗಳ ನಡುವೆ ಬಾಗಿ ಕೂದಲೆಳೆಯಂಥ ಬಿರುಕುಗಳನ್ನು ತೋರಿಸಿ, ತೆನೆ ಬರುವ ಮುನ್ನ ತಾನು ಕುಂಟೆ ಹೊಡೆದು ಇವನ್ನು ಮುಚ್ಚುತ್ತ ಬಂದುದಾಗಿ ಹೇಳಿದ. ಈಗ ಬಾಯಿ ಬಿಟ್ಟರೆ ಒಳಗಿನ ನೀರೆಲ್ಲ ಆರಿಹೋಗುತ್ತದೆ, ಬೇರು ಹರಿಯುತ್ತದೆ. ಜೂನ್ ತಿಂಗಳಲ್ಲಿ ಮುಚ್ಚಬಾರದೆಂದವನು ಪುಷ್ಯದಲ್ಲಿ ಮುಚ್ಚಬೇಕೆನ್ನುತ್ತಿದ್ದ. ಅವನಿಗೆ ಇದರಲ್ಲಿ ವಿರೋಧವೇನೂ ಕಾಣಲಿಲ್ಲ. ಕೃಷಿ ಎಂದರೆ ಅದೇ ತಾನೆ.

ಮನುಷ್ಯನಲ್ಲಿಯೂ ಎರಡು ಬಗೆಯ ಬದಲಾವಣೆಗಳುಂಟೆಂದು ನನಗೆ ತೋರುತ್ತದೆ. ಒಂದು ಜಂಬಿಟ್ಟಿಗೆಯದು: ಹೊರಗಾಳಿಗೆ ಬಂದಾಗ ಒಮ್ಮೆ ಆಗತಕ್ಕದ್ದು, ಆದ ಮೇಲೆ ಹಿಂದಿರುಗದು. ಇದು ಕೆಟ್ಟದ್ದೆಂದು ನಾನು ಹೇಳಲಾರೆ. ಸುಳ್ಳು ಹೇಳಬಾರದು, ಬಡವನ ಮುಂದೆ ಬೀಗಬಾರದು ಎಂಬಂಥವು ಮನಸ್ಸಿನಲ್ಲಿ ಹೀಗೆ ಗಟ್ಟಿಯಾಗಿ ನಿಲ್ಲಬೇಕು. ವರ್ಷಕ್ಕೊಮ್ಮೆ ಕರಗಿದರೆ ಮನೆ ನಿಲ್ಲದು. ಆದರೆ ಕಲ್ಲು ಮೆತ್ತಗಿರುವಾಗಲೇ ಚೌಕ ಕಡಿಯಬೇಕೆಂಬ ನಿಯಮ ಇಲ್ಲಿದೆ. ಅಡ್ಡಾದಿಡ್ಡಿಯಾಗಿ ತೆಗೆದ ಕಲ್ಲು ಅಡ್ಡಾದಿಡ್ಡಿಯಾಗಿಯೇ ಗಟ್ಟಿಯಾಗುತ್ತದೆ. ಇನ್ನೊಂದು ಎರೆಮಣ್ಣಿನದು: ಪ್ರತಿವರ್ಷವೂ ಬಿರಿಯಬೇಕು, ಕುಡಿಯಬೇಕು, ಕೂಡಬೇಕು. ವಿದ್ಯೆ, ಅಭಿರುಚಿ, ಪರರ ವಿಷಯದಲ್ಲಿ ನಮ್ಮ ತೀರ್ಪು, ಇವು ಈ ಎರಡನೆಯ ಜಾತಿಗೆ ಸೇರಿದವು. ನಮ್ಮಲ್ಲಿ ಬಹುಮಂದಿ ಮಾಡುವ ತಪ್ಪೆಂದರೆ ಒಂದರ ಜಾಗದಲ್ಲಿ ಇನ್ನೊಂದನ್ನಿಡುವುದು. ತತ್ತ್ವದಲ್ಲಿ ಋತುವಿಗೊಮ್ಮೆ ಕರಗುತ್ತೇವೆ, ಅಭಿಪ್ರಾಯದಲ್ಲಿ ಕಲ್ಲಾಗಿಬಿಡುತ್ತೇವೆ.

ನಾನು ಇದನ್ನು ಹೇಳಬಲ್ಲೆನಾದುದಕ್ಕೆ ಕಾರಣ ಆ ತಪ್ಪನ್ನು ಮಾಡಿದವರಲ್ಲಿ ನಾನೂ ಒಬ್ಬನೆಂಬುದು. ನಾಲ್ಕು ವರ್ಷಗಳ ಮೇಲೆ ನನಗೆ ಭಾಲ್ಕಿಗೆ ವರ್ಗವಾಯಿತು. ಭಾಲ್ಕಿಯೆಂದರೆ ಚನ್ನಬಸವ ಪಟ್ಟದ್ದೇವರ ಊರು. ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಆಸ್ಪದವಿಲ್ಲದಿದ್ದಾಗ ಅವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಈ ಸೀಮೆಯಲ್ಲಿ ತಿಳಿಯದವರಿಲ್ಲ. ಮೇಲೆ ಹೇಳಿದ ಎರಡು ಗುಣಗಳೂ ಒಬ್ಬರಲ್ಲಿ ಒಟ್ಟಿಗಿದ್ದುದಕ್ಕೆ ಬೇರೆ ಉದಾಹರಣೆ ಬೇಕೆ? ಕನ್ನಡ ಕಲಿಸಬೇಕೆಂಬುದು ಕಲ್ಲು. ಫಲಕದ ಲಿಪಿ ಯಾವುದಿರಬೇಕೆಂಬುದು ಮಣ್ಣು. 1999ರಲ್ಲಿ ಲಿಂಗೈಕ್ಯರಾದ ಆ ಶತಾಯುಷಿಗಳು ನಾನು ಹೋದಾಗ ಇನ್ನೂ ಊರಿನಲ್ಲಿಯೇ ಇದ್ದರು. ಅಂಥ ಊರಿನಲ್ಲಿದ್ದುಕೊಂಡು ನಾನು ಮಾಡಿದ ಕೆಲಸವಿದು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಉದಗೀರ, ನಿಲಂಗಾ, ಅಹಮದಪುರಗಳು ಅಂದಿನ ಮುಂಬಯಿ ರಾಜ್ಯಕ್ಕೆ. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರಿಗೆ. ಗೆರೆ ಎಳೆದವರು ಮನೆಗಳ ಒಳಗೆ ಗೆರೆ ಎಳೆಯಲಾಗಲಿಲ್ಲ. ನನ್ನ ತರಗತಿಯಲ್ಲಿ ಮನೆಮಾತು ಮರಾಠಿಯಾದ ಮಕ್ಕಳು ಅನೇಕರಿದ್ದರು. ಅವರಲ್ಲೊಬ್ಬ ಹುಡುಗ 'ನಮ್ಮೂರಿನ ಮಳೆಗಾಲ' ಎಂಬ ನಿಬಂಧವನ್ನು 'ಮಳೆ ಬಂದನು' ಎಂದು ಆರಂಭಿಸಿದ್ದ. ಆಗ ನಾನು ಕಟ್ಟುನಿಟ್ಟಿನ ಮೇಷ್ಟ್ರೆಂದು ಹೆಸರಾಗಿದ್ದೆ. ತಂದೆಯವರ ಮಾತಿನಂತೆ ಪೂರ್ತಿ ಗಟ್ಟಿಯಾಗಿದ್ದೆ. ಆ ವಾಕ್ಯವನ್ನು ತರಗತಿಗೆ ಓದಿ ಹೇಳಿ, 'ಮಳೆಯಪ್ಪನವರು ಪಂಚೆ ಉಟ್ಟು ಬಂದರೋ, ಪಾಯಿಜಾಮ ತೊಟ್ಟು ಬಂದರೋ?' ಎಂದು ಕೇಳಿದೆ. ತರಗತಿ ನಕ್ಕಿತು. ಹುಡುಗ ನಗಲಿಲ್ಲ.

ಮರಾಠಿಯಲ್ಲಿ ಮಳೆ ಪುಲ್ಲಿಂಗವೆಂದು ನನಗೆ ತಿಳಿಯದೆ ಇರಲಿಲ್ಲ. ಅಷ್ಟೇಕೆ, ನಮ್ಮ ಜನಪದರ ಬಾಯಲ್ಲಿಯೂ ಅವನು ಮಳೆರಾಯನೇ. ಬಂದನೆಂದರೆ ಅಲ್ಲಿ ಯಾರೂ ನಗುವುದಿಲ್ಲ. ಆ ಕ್ಷಣದಲ್ಲಿ ಎರಡೂ ಹೊಳೆಯಲಿಲ್ಲ, ಅಥವಾ ಹೊಳೆಯಲು ನಾನು ಬಿಡಲಿಲ್ಲ. ನಿಬಂಧದ ಉಳಿದ ಭಾಗವನ್ನು ಓದಿದ್ದು ಸಂಜೆ ಮನೆಯಲ್ಲಿ. ಮಳೆಯ ಮೊದಲ ದಿನ ಎಮ್ಮೆಯ ಮೈಯಿಂದ ಏಳುವ ಹಬೆ, ಸೋರುವ ಮೂಲೆಗೆ ತಾಯಿ ಇಡುವ ಪಾತ್ರೆಗಳು ತುಂಬುತ್ತ ಬಂದಂತೆ ಬದಲಾಗುವ ಸದ್ದು - ಇಂಥವನ್ನು ಬರೆದಿದ್ದ. ಇಡೀ ತರಗತಿಯಲ್ಲಿ ಮಳೆಯನ್ನು ಕಂಡವನು ಅವನೊಬ್ಬನೇ. ಉಳಿದವರು ಪಠ್ಯಪುಸ್ತಕವನ್ನು ಕಂಡಿದ್ದರು. ಮರುದಿನ ಅದನ್ನು ತರಗತಿಯಲ್ಲಿ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಮೇಷ್ಟ್ರು ತಪ್ಪೊಪ್ಪಿಕೊಂಡರೆ ಬಿಗಿ ಸಡಿಲವಾಗುತ್ತದೆಂಬ ಭಯ. ಅವನು ಆ ಮೇಲೆ ನನಗೆ ಬರೆದುಕೊಟ್ಟದ್ದೆಲ್ಲ ಪುಸ್ತಕದ ಮಾತುಗಳೇ, ತಪ್ಪಿಲ್ಲದವು, ಜೀವವಿಲ್ಲದವು. ಹತ್ತನೆಯ ತರಗತಿಯನ್ನು ಮುಗಿಸಿ ಗಡಿಯಾಚೆ ಉದಗೀರಕ್ಕೆ ಮರಾಠಿಯಲ್ಲಿ ಓದಲು ಹೋದನೆಂದು ಕೇಳಿದೆ. ಅವನಿಗೆ ಈಗ ಐವತ್ತು ದಾಟಿರಬೇಕು. ಬರೆಯುತ್ತಿರುವನೋ ಇಲ್ಲವೋ, ಯಾವ ಭಾಷೆಯಲ್ಲೋ.

ಜೂನ್ ತಿಂಗಳಲ್ಲಿ ಬಾಯಿ ಮುಚ್ಚಬಾರದೆಂದು ಆ ಔರಾದದ ಯಜಮಾನ ಹೇಳಿದ್ದನ್ನು ನಾನು ಕೃಷಿಯ ವಿಷಯವೆಂದೇ ತಿಳಿದಿದ್ದೆ.

ಹಾಗಾದರೆ ಕಲ್ಲಿನ ಊರಿನವನಿಗೆ ಗತಿಯಿಲ್ಲವೆ? ಈ ಪ್ರಶ್ನೆಯನ್ನು ನಿವೃತ್ತನಾಗಿ ಬೀದರಕ್ಕೆ ಹಿಂದಿರುಗಿದ ಮೇಲೆ ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿದ್ದು ಅದೇ ಕಲ್ಲಿನಲ್ಲಿ. ಜಂಬಿಟ್ಟಿಗೆ ಗಟ್ಟಿಯಾದರೂ ಅದರ ಮೈತುಂಬ ರಂಧ್ರಗಳು. ದಿಣ್ಣೆಯ ಮೇಲೆ ಬಿದ್ದ ಮಳೆ ಆ ರಂಧ್ರಗಳ ಮೂಲಕ ಇಳಿದು, ಕೆಳಗಿನ ಜೇಡಿಯನ್ನೂ ಬಸಾಲ್ಟನ್ನೂ ಮುಟ್ಟಿ, ಮುಂದೆ ಇಳಿಯಲಾರದೆ ಅಡ್ಡಕ್ಕೆ ಸಾಗಿ, ದಿಣ್ಣೆಯ ಅಂಚಿನಲ್ಲಿ ಝರಿಯಾಗಿ ಒಸರುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಸುಮಾರು 300 ಅಡಿ ದೂರ ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಮಾಡುವುದು ಇಂಥ ಕಲ್ಲಿನೊಳಗೆಯೇ. ಬಾವಿಯ ನೀರು ಉಪ್ಪೆಂದು ಜನರು ಮೊರೆಯಿಟ್ಟಾಗ ಗುರು ನಾನಕರು ಪಾದುಕೆಯಿಂದ ಕಲ್ಲು ಸರಿಸಿದಲ್ಲಿ ಸಿಹಿನೀರು ಚಿಮ್ಮಿತೆಂಬ ನಂಬಿಕೆಯ ನಾನಕ ಝೀರಾ ಇರುವುದೂ ಇಲ್ಲಿಯೇ. ಭಕ್ತಿಗೆ ಭೂವಿಜ್ಞಾನವನ್ನು ಎದುರು ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಗಟ್ಟಿಕಲ್ಲಿನಿಂದ ಸಿಹಿನೀರು ಬಂತೆಂಬುದನ್ನು ಎರಡೂ ಒಪ್ಪುತ್ತವೆ. ಬಹಮನಿಯರ ಕಾಲದಲ್ಲಿ ಪರ್ಷಿಯದ ವಿದ್ಯೆಯನ್ನು ಬಲ್ಲವರು ಇದೇ ನೀರನ್ನು ಹಿಡಿಯಲು ನೌಬಾದಿನಲ್ಲಿ ಕಾರೇಜ್ ಎಂಬ ಸುರಂಗ ಕಾಲುವೆಯನ್ನು ತೋಡಿದರು. ಇಪ್ಪತ್ತಕ್ಕೂ ಹೆಚ್ಚು ಗಾಳಿಬಾವಿಗಳುಳ್ಳ ಆ ಸುರಂಗ ಬಹುಕಾಲ ಹೂಳಿನಲ್ಲಿ ಮರೆತುಹೋಗಿದ್ದು 2010ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂತು.

ಗಟ್ಟಿಯಾಗುವುದು ಬೇರೆ, ಮುಚ್ಚಿಕೊಳ್ಳುವುದು ಬೇರೆ. ಆಕಾರವನ್ನು ಬದಲಿಸಲಾರದ ವಯಸ್ಸಿನಲ್ಲಿಯೂ ಹೊರಗಿನದನ್ನು ಒಳಗಿಳಿಯಗೊಡಬಹುದು. ಅದು ಎಲ್ಲೋ, ಯಾರಿಗೋ ನೀರಾಗುತ್ತದೆ. ಮುದುಕರನ್ನು ಬದಲಾಗಿರೆಂದು ಪೀಡಿಸುವ ತರುಣರಿಗೂ, ಇನ್ನು ನಾವೇನು ಬದಲಾದೇವೆಂದು ಕೈಚೆಲ್ಲುವ ಮುದುಕರಿಗೂ ಈ ಭೇದ ಕಾಣಬೇಕೆಂದು ನನ್ನ ಬಯಕೆ. ಅಂದಿನ ಹುಡುಗನಿಗೆ ನಾನು ಹೊಸ ಮೇಷ್ಟ್ರಾಗಬೇಕಾಗಿರಲಿಲ್ಲ, ವ್ಯಾಕರಣವನ್ನು ಬಿಡಬೇಕಾಗಿಯೂ ಇರಲಿಲ್ಲ. ಅವನ ಮಳೆಯನ್ನು ಒಳಕ್ಕೆ ಬಿಟ್ಟುಕೊಂಡಿದ್ದರೆ ಸಾಕಾಗಿತ್ತು.

ಆದರೆ ಈ ದಿಣ್ಣೆಯೂ ಈಗ ಮುಚ್ಚಿಕೊಳ್ಳುತ್ತಿದೆ. ಮನೆ ಕಟ್ಟಿದವರು ಅಂಗಳಕ್ಕೂ ಓಣಿಗೂ ಸಿಮೆಂಟ್ ಬಳಿಯುತ್ತಾರೆ. ಮಳೆ ಕಲ್ಲಿನ ಮೈಯನ್ನು ಮುಟ್ಟದೆ ಗಟಾರಕ್ಕೆ ಹೋಗುತ್ತದೆ. ಮೇಲೆ ಇಳಿಯದ ನೀರು ಕೆಳಗೆ ಝರಿಯಾಗುವುದೆಂತು? ಇದನ್ನು ಊರಿಗೆಲ್ಲ ಹೇಳುವ ನನ್ನ ಮನೆಯಲ್ಲಿಯೇ ಕಳೆದ ಬೇಸಿಗೆಯಲ್ಲಿ ಮಗ ಸಿಮೆಂಟಿನ ಚೀಲಗಳನ್ನು ಇಳಿಸಿದ. ಅಂಗಳದ ಕೆಂಪು ಮಣ್ಣು ಮನೆಯೊಳಗೆ ಬರುತ್ತದೆ, ಒರೆಸಿ ಒರೆಸಿ ಸಾಕಾಗಿದೆ ಎಂಬುದು ಸೊಸೆಯ ದೂರು. ಅವಳು ಉದಗೀರದವಳು, ಒರೆಸುವವಳು ಅವಳು, ನಾನಲ್ಲ. ಕಾರೇಜಿನ ಚರಿತ್ರೆಯನ್ನು ನಾನು ಅರ್ಧ ಗಂಟೆ ಹೇಳಿದ ಮೇಲೆ ಅವಳು, 'ಅರ್ಧ ಹಾಕಿಸೋಣ ಮಾವ, ಅರ್ಧ ನಿಮ್ಮ ಝರಿಗೆ ಇರಲಿ' ಎಂದಳು. ಹಾಗೆಯೇ ಆಯಿತು.

ಈ ವರ್ಷದ ಮೊದಲ ಮಳೆಯ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಸಿಮೆಂಟಿನ ಅರ್ಧದಿಂದ ನೀರು ಹಾಳೆ ಹಾಳೆಯಾಗಿ ಓಣಿಗೆ ಹೋಗುತ್ತಿತ್ತು; ಇನ್ನರ್ಧದಲ್ಲಿ ಬಿದ್ದ ಹನಿ ಬಿದ್ದಲ್ಲಿಯೇ ಮಾಯವಾಗುತ್ತಿತ್ತು. ಐದು ವರ್ಷದ ಮೊಮ್ಮಗಳು ಮಣ್ಣಿನ ಕಡೆಗೇ ಓಡಿ, 'ಅಜ್ಜಾ, ಮಳೆ ಬಂದ!' ಎಂದು ಕೂಗಿದಳು.

'ಬಂದ ಅಲ್ಲ, ಬಂತು ಅನ್ನಬೇಕು' ಎಂದು ಅವಳ ತಾಯಿ ಒಳಗಿನಿಂದಲೇ ತಿದ್ದಿದಳು. ನಾನು ಕೊಡೆಯನ್ನು ಹುಡುಕುತ್ತಿದ್ದೆ.